ನಮ್ಮವರಿಗೊಂದು ಕಾರು ಕೊಂಡ ಕತೆ

ಟೆಸ್ಟ್ ಡ್ರೈವ್‌ನ ಕಾರು ತಂದು ನಿಲ್ಲಿಸಿದ ಕೂಡಲೇ ನಮ್ಮವರು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಹಿಂದಿನ ಬಾಗಿಲು ತೆರೆದು, ಅದನ್ನು ಕೈಯಲ್ಲಿ ಹಿಡಿದುಕೊಂಡು, ನಾನು ಹತ್ತಲಿ ಎಂದು ನಿಂತದ್ದು.

ಷೋರೂಮಿನ ಹುಡುಗ ಗಲಿಬಿಲಿಗೊಂಡ. "ಸರ್, ಮೇಡಂ ಮುಂದೆ ಕೂತ್ಕೊಳ್ಳಲಿ, ನಾನು ಹಿಂದೆ ಕೂತ್ಕೊಳ್ತೇನೆ" ಅಂದ. ಇವರು ತಟ್ಟನೆ ಬಾಗಿಲು ಮುಚ್ಚಿ "ಹೌದಲ್ಲ" ಎಂದು ನಕ್ಕರು. ನಾನೂ ನಕ್ಕೆ. ರಾತ್ರಿ ಮಲಗಿದ ಮೇಲೆ ಅದೇ ನೆನಪಾಗಿ ನಿದ್ದೆ ಬರಲಿಲ್ಲ. ಏಳು ವರ್ಷ ದುಬೈಯ ಒಂದು ಮನೆಯಲ್ಲಿ ಡ್ರೈವರ್ ಆಗಿದ್ದವರು ಅವರು. ಕಾರು ನಿಂತರೆ ಕೈ ತಾನಾಗಿ ಹಿಂದಿನ ಬಾಗಿಲಿಗೆ ಹೋಗುತ್ತದೆ.

ನಮ್ಮ ಮನೆ ಇರುವುದು ಬೆಳ್ತಂಗಡಿ ತಾಲೂಕಿನಲ್ಲಿ, ಗುರುವಾಯನಕೆರೆಯಿಂದ ಸ್ವಲ್ಪ ಒಳಗೆ. ನನ್ನ ತವರು ಬಂಟ್ವಾಳ. ನಾನು ಕೆಲಸ ಮಾಡುವ ಬ್ಯಾಂಕ್ ಶಾಖೆ ಮೂಡುಬಿದಿರೆಯಲ್ಲಿ. ಮೂರು ಊರಿಗೂ ಗೆರೆ ಎಳೆದರೆ ಒಂದು ತ್ರಿಕೋನ. ವೇಣೂರಿನ ಮೇಲಿಂದ ಕೆಲಸಕ್ಕೆ, ಸಿದ್ಧಕಟ್ಟೆಯ ಮೇಲಿಂದ ಅಮ್ಮನ ಮನೆಗೆ, ಮಡಂತ್ಯಾರಿನ ಮೇಲಿಂದ ಗಂಡನ ಮನೆಗೆ. ಮದುವೆಯಾಗಿ ಮೂರು ವರ್ಷದಲ್ಲಿ ಈ ಮೂರು ರಸ್ತೆಯ ಹೊಂಡಗಳೆಲ್ಲ ನನಗೆ ಬಾಯಿಪಾಠ. ಹೆಚ್ಚಿನ ದಿನ ಬಸ್ಸು. ಬಸ್ಸು ತಪ್ಪಿದ ದಿನ ಇವರ ಪಿಕಪ್. ಹಿಂದೆ ಸಿಮೆಂಟು ಚೀಲ ತುಂಬಿದ ಹಳದಿ ಬೋರ್ಡಿನ ಗಾಡಿಯಿಂದ ಬ್ಯಾಂಕಿನ ಬಾಗಿಲಲ್ಲಿ ಇಳಿಯುವಾಗ ಸೀರೆಯ ಅಂಚಿಗೆ ಬೂದು ಹುಡಿ ಅಂಟಿರುತ್ತದೆ. ನನಗೇನೂ ಬೇಸರ ಇರಲಿಲ್ಲ. ಗಾಡಿ ನಿಲ್ಲಿಸಲು ಇವರು ಮಾತ್ರ ಬ್ಯಾಂಕಿನಿಂದ ಐವತ್ತು ಹೆಜ್ಜೆ ಹಿಂದೆಯೇ ಜಾಗ ಹುಡುಕುತ್ತಿದ್ದರು.

ಇವರು ಊರಿಗೆ ವಾಪಸಾದದ್ದು ಕೊರೊನಾ ವರ್ಷದಲ್ಲಿ. ದುಬೈನಿಂದ ಮಂಗಳೂರಿಗೆ ಮೊದಲ ವಂದೇ ಭಾರತ್ ವಿಮಾನ ಬಂದದ್ದು 2020ರ ಮೇ 12ರಂದು. ಇವರ ಸರದಿ ಬಂದದ್ದು ಜೂನ್‌ನಲ್ಲಿ, ಕೆಲಸ ಹೋದ ಮೇಲೆ. ಅಲ್ಲಿ ಸ್ಟೇರಿಂಗ್ ಎಡಕ್ಕೆ. ಬಂದ ಹೊಸತರಲ್ಲಿ ಪಿಕಪ್‌ನ ಎಡಗಡೆ ಬಾಗಿಲು ತೆಗೆದು ಕೂತು ಸ್ಟೇರಿಂಗ್ ಹುಡುಕುತ್ತಿದ್ದರಂತೆ. ನನ್ನನ್ನು ನೋಡಲು ಬಂದ ದಿನ, ಎಲ್ಲರೂ ಕಾಫಿ ಕುಡಿಯುವಾಗ, "ಅಲ್ಲಿ ಯಾವೆಲ್ಲ ಕಾರು ಓಡಿಸಿದ್ದೀರಿ?" ಎಂದು ನನ್ನ ತಮ್ಮ ಕೇಳಿದ. ಇವರು ಹೆಸರು ಹೇಳುತ್ತಾ ಹೋದರು. ನನಗೆ ಅದರಲ್ಲಿ ಅರ್ಧ ಗೊತ್ತಿರಲಿಲ್ಲ. ಕೊನೆಗೆ, "ನಾನು ಓಡಿಸದ ಕಾರಿಲ್ಲ ಮಾರಾಯ. ನನ್ನದೂಂತ ಹೇಳ್ಲಿಕ್ಕೆ ಒಂದೂ ಇಲ್ಲ" ಅಂದರು. ದುಃಖದಿಂದ ಏನೂ ಹೇಳಿದ್ದಲ್ಲ, ಮಳೆ ಬರ್ತಾ ಉಂಟು ಎಂದು ಹೇಳಿದ ಹಾಗೆ ಹೇಳಿದರು. ಆ ಮನೆಯ ಯಜಮಾನರ ಮಗನ ಎರಡು ಬಾಗಿಲಿನ ಕಾರನ್ನು ಇವರು ಓಡಿಸುತ್ತಿದ್ದದ್ದು ಪೆಟ್ರೋಲ್ ಬಂಕಿನವರೆಗೆ ಮತ್ತು ತೊಳೆಯುವ ಜಾಗದವರೆಗೆ ಮಾತ್ರ. ಅದು ಗೊತ್ತಾದದ್ದು ಮದುವೆಯ ನಂತರ.

ಬ್ಯಾಂಕಿನ ಪರೀಕ್ಷೆ ಬರೆಯುವಾಗ ನಾನು ಎರಡು ಸಲ ಪ್ರಿಲಿಮ್ಸ್‌ನಲ್ಲೇ ಬಿದ್ದೆ, ಒಂದು ಸಲ ಮೇನ್ಸ್‌ನಲ್ಲಿ. ನೂರು ಪ್ರಶ್ನೆಗೆ ಅರವತ್ತು ನಿಮಿಷ. ಇದನ್ನು ಓದುವವರಲ್ಲಿ ಬಹಳ ಮಂದಿಗೆ ಆ ಅರವತ್ತು ನಿಮಿಷದ ರುಚಿ ಗೊತ್ತಿರುತ್ತದೆ. ನಾಲ್ಕನೇ ಸಲ ಬರೆಯುವಾಗ ಮದುವೆಯಾಗಿತ್ತು. "ಇನ್ನು ಸಾಕು, ತೋಟದ ಕೆಲಸ ಉಂಟಲ್ಲ" ಎಂದು ನೆಂಟರು ಹೇಳಿದ್ದರು. ಇವರು ಪಿಕಪ್‌ನಲ್ಲಿ ಮಂಗಳೂರಿನ ಪರೀಕ್ಷಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಹೊರಗೆ ಬಿಸಿಲಲ್ಲಿ ಕಾದು, ಬಂದ ಮೇಲೆ ಹೇಗಾಯ್ತು ಎಂದು ಒಂದು ಮಾತೂ ಕೇಳದೆ ನಿಂಬೆ ಸೋಡಾ ಕೊಡಿಸಿದರು. ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಅತ್ತೆಗೆ ಸೀರೆ, ಅಮ್ಮನಿಗೆ ಮಿಕ್ಸಿ. ಇವರಿಗೆ ಎಂತ ಬೇಕು ಎಂದರೆ, "ನನಗೆಂತಕ್ಕೆ?" ಅಂದರು.

ಎಂತ ಬೇಕೂಂತ ನನಗೆ ಗೊತ್ತಾದದ್ದು ಕಳೆದ ವರ್ಷದ ಮಳೆಗಾಲದಲ್ಲಿ. ರಾತ್ರಿ ಎಚ್ಚರವಾಗಿ ನೋಡಿದರೆ ಇವರು ಜಗಲಿಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದರು, ಶಬ್ದ ಪೂರ್ತಿ ಮ್ಯೂಟ್. ನನಗೆ ಬೇರೆ ಏನೇನೋ ಸಂಶಯ. ಮೆಲ್ಲ ಹಿಂದೆ ಹೋಗಿ ನಿಂತೆ. ನೋಡಿದರೆ ಕಾರಿನ ವಿಡಿಯೋ. ಒಂದೇ ಕಾರಿನದ್ದು, ಬೇರೆ ಬೇರೆ ಜನ ಮಾಡಿದ್ದು.

ಹ್ಯುಂಡೈ ಐ20 ಎನ್ ಲೈನ್. ಸಾದಾ ಐ20ಗೂ ಇದಕ್ಕೂ ಎಂತ ವ್ಯತ್ಯಾಸ ಎಂದು ಮರುದಿನ ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ. ಇವರ ಬಾಯಿ ಅಷ್ಟು ಹೊತ್ತು ನಿಲ್ಲದೆ ಓಡಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಎಂಜಿನ್ ಬರೀ 998 ಸಿಸಿ, ಆದರೆ ಟರ್ಬೊ ಇರುವುದರಿಂದ 120 ಪಿಎಸ್ ಶಕ್ತಿ. ಆರು ಗೇರು. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಹಿಂದೆ ಹೊಗೆ ಹೋಗಲು ಎರಡು ಕೊಳವೆ. ಸ್ಟೇರಿಂಗ್ ಸ್ವಲ್ಪ ಬಿಗಿ, ಸಸ್ಪೆನ್ಷನ್ ಸ್ವಲ್ಪ ಗಟ್ಟಿ. ಟರ್ಬೊ ಎಂದರೆ ಎಂತ ಎಂದು ಕೇಳಿದ್ದಕ್ಕೆ ಕುಲುಮೆಯ ತಿದಿಯ ಉದಾಹರಣೆ ಕೊಟ್ಟರು. ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆಯೇ ಒಂದು ಚಕ್ರ ತಿರುಗಿಸುತ್ತದೆ, ಆ ಚಕ್ರ ಇನ್ನೊಂದನ್ನು ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ಊದುತ್ತದೆ, ಗಾಳಿ ಹೆಚ್ಚಾದರೆ ಬೆಂಕಿ ಜೋರು. "ಎಸೆಯುವ ಹೊಗೆಯಿಂದ ಕೆಲಸ ಮಾಡಿಸುವುದು, ಅಷ್ಟೇ" ಅಂದರು. ಕಾಲೇಜಿನಲ್ಲಿ ನನಗೆ ಇಂಥ ಮೇಷ್ಟ್ರು ಸಿಕ್ಕಿದ್ದರೆ ಕಾಮರ್ಸ್ ತೆಗೆದುಕೊಳ್ಳುತ್ತಿರಲಿಲ್ಲ.

ಆಮೇಲೆ ಅವರೇ, "ನಮಗೆ ಬೇಡ ಅದು. ಬೇಕಾದರೆ ಫ್ರಾಂಕ್ಸ್ ನೋಡ್ಬಹುದು. ನೆಲದಿಂದ 190 ಮಿಲಿಮೀಟರ್ ಎತ್ತರ ಉಂಟು. ನಮ್ಮ ಮನೆಯ ದಾರಿಗೆ ಅದೇ ಸರಿ" ಎಂದು ಮಾತು ಮುಗಿಸಿದರು. ನನ್ನ ತಲೆಯಲ್ಲಿ ಆಗಲೇ ಲೆಕ್ಕ ಶುರುವಾಗಿತ್ತು.

2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಕೌನ್ಸಿಲ್ ಸಭೆಯ ಸುದ್ದಿ ಬಂತು. ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳಿಗೆ ಅದುವರೆಗೆ ಶೇ 28 ಜಿಎಸ್‌ಟಿ, ಮೇಲೆ ಶೇ 1 ಸೆಸ್ ಇತ್ತು. ಅದು ಸೆಪ್ಟೆಂಬರ್ 22ರಿಂದ, ನವರಾತ್ರಿಯ ಮೊದಲ ದಿನದಿಂದ, ಶೇ 18ಕ್ಕೆ ಇಳಿಯಿತು. ಈ ಕಾರಿನ ಎಂಜಿನ್ 998 ಸಿಸಿ, ಉದ್ದ 3,995 ಮಿಲಿಮೀಟರ್. ಐದು ಮಿಲಿಮೀಟರ್ ಹೆಚ್ಚಾಗಿದ್ದರೂ ಗಡಿ ಮುಟ್ಟುತ್ತಿತ್ತು! ಬೇಕೆಂದೇ ಹಾಗೆ ಅಳೆದು ಮಾಡುತ್ತಾರೆ ಎಂದು ಇವರು ಆಮೇಲೆ ಹೇಳಿದರು.

ಎಕ್ಸ್ ಷೋರೂಂ ಬೆಲೆ ಹತ್ತು ಲಕ್ಷದೊಳಗೆ ಬಂತು. ಈ ಹತ್ತು ಲಕ್ಷದ ಗೆರೆ ನಮ್ಮ ರಾಜ್ಯದಲ್ಲಿ ಮುಖ್ಯ. ಐದರಿಂದ ಹತ್ತು ಲಕ್ಷದ ಕಾರಿಗೆ ಜೀವಾವಧಿ ತೆರಿಗೆ ಶೇ 14, ಹತ್ತು ದಾಟಿದರೆ ಶೇ 17. ಆ ತೆರಿಗೆಯ ಮೇಲೆ ಮತ್ತೆ ಶೇ 11ರ ಸೆಸ್. ಒಂಬತ್ತು ಲಕ್ಷದ ಕಾರು ಎಂದುಕೊಂಡರೆ ತೆರಿಗೆಯೇ ಹತ್ತಿರ 1 ಲಕ್ಷ 40 ಸಾವಿರ ರೂಪಾಯಿ. ಅದರ ಮೇಲೆ ಇನ್ಶೂರೆನ್ಸ್. ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆ ಮೂರು ವರ್ಷದ್ದು ಒಟ್ಟಿಗೇ ಮಾಡಿಸಬೇಕು. ಜಾಹೀರಾತಿನ ಬೆಲೆ ನೋಡಿ ಷೋರೂಮಿಗೆ ಹೋಗುವವರು ಅಲ್ಲಿ ಕುರ್ಚಿ ಹಿಡಿದುಕೊಳ್ಳುವುದು ಇದಕ್ಕೇ. ಎಲ್ಲ ಸೇರಿ ನಮಗೆ ಹತ್ತಿರ ಹನ್ನೊಂದು ಲಕ್ಷ.

ಎಂಟು ಲಕ್ಷ ಸಾಲ ಎಂದು ತೀರ್ಮಾನಿಸಿದೆ. ಶೇ 9 ಬಡ್ಡಿ ಹಿಡಿದು ಐದು ವರ್ಷಕ್ಕಾದರೆ ತಿಂಗಳ ಕಂತು ಸುಮಾರು 16,600. ಏಳು ವರ್ಷಕ್ಕಾದರೆ ಸುಮಾರು 12,870. ಕಂತು ಕಡಿಮೆಯಾಯಿತೆಂದು ಖುಷಿಪಡಬೇಡಿ, ಬಡ್ಡಿ ಕೂಡಿಸಿ ನೋಡಿ. ಐದು ವರ್ಷಕ್ಕೆ 1 ಲಕ್ಷ 96 ಸಾವಿರ, ಏಳಕ್ಕೆ 2 ಲಕ್ಷ 81 ಸಾವಿರ. ದಿನವೂ ಗ್ರಾಹಕರಿಗೆ ಈ ಪಾಠ ಹೇಳುವ ನಾನೇ ಏಳು ವರ್ಷದ್ದನ್ನು ಆರಿಸಿಕೊಂಡೆ. ಸಂಬಳದ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಂತಿಗೆ ಹೋದರೆ ಮನೆ ನಡೆಯುವುದಿಲ್ಲ. ಉಳಿದ ಮೂರು ಲಕ್ಷಕ್ಕೆ ನನ್ನ ಆರ್‌ಡಿ ಮುರಿದೆ. ಆದರೂ ಎಂಬತ್ತು ಸಾವಿರ ಸಾಲಲಿಲ್ಲ. ಒಂದೂವರೆ ಪವನಿನ ಬಳೆ ಅಡವಿಟ್ಟೆ. ಬ್ಯಾಂಕಿನವಳಾಗಿ ಯಾರಿಗೂ ಇಂಥ ಸಲಹೆ ಕೊಡುವುದಿಲ್ಲ. ಕಾರು ಮನೆಗೆ ಬಂದ ಕ್ಷಣದಿಂದ ಬೆಲೆ ಇಳಿಯುವ ವಸ್ತು, ಬಳೆ ಏರುವ ವಸ್ತು. ಗೊತ್ತಿದ್ದೇ ಮಾಡಿದೆ.

ಗುಟ್ಟಾಗಿ ಕೊಂಡು ತಂದು ಅಂಗಳದಲ್ಲಿ ನಿಲ್ಲಿಸಿ ಅವರ ಕಣ್ಣು ಕಟ್ಟಿ ಕರೆತರಬೇಕು ಎಂಬುದು ನನ್ನ ಕನಸಾಗಿತ್ತು. ರೀಲ್ಸ್ ನೋಡಿ ನೋಡಿ ಬಂದ ಕನಸು. ಕಾರು ಓಡಿಸಿಕೊಂಡು ಬರಲು ನನಗೇ ಬರುವುದಿಲ್ಲ ಎಂಬುದು ಮೊದಲ ತೊಡಕು. ಎರಡನೆಯದು ದೊಡ್ಡದು. ಕಾರು ಅವರ ಹೆಸರಿನಲ್ಲಿ ಆಗಬೇಕೆಂದು ನನಗೆ ಆಸೆ. "ನನ್ನದೂಂತ ಹೇಳ್ಲಿಕ್ಕೆ ಒಂದೂ ಇಲ್ಲ" ಅಂದ ಮಾತಿಗೆ ಉತ್ತರ ಕೊಡಬೇಕಾದದ್ದು ಆರ್‌ಸಿಯಲ್ಲೇ ಅಲ್ಲವೇ? ಸಾಲ ಯಾರಿಗೋ ಗಾಡಿ ಅವರ ಹೆಸರಿಗೆ, ಆರ್‌ಸಿಯಲ್ಲಿ ಒಂದೇ ಹೆಸರು. ಅಂದರೆ ಅವರೇ ಸಾಲಗಾರರಾಗಬೇಕು. ಹಾಗಾಗಿ ಗುಟ್ಟು ಬಿಟ್ಟು ಎಲ್ಲ ಹೇಳಿ, ಒಂದು ಶನಿವಾರ ಅವರನ್ನೇ ಶಾಖೆಗೆ ಕರೆದುಕೊಂಡು ಬಂದೆ.

ನಮ್ಮ ಸಾಲದ ವಿಭಾಗದ ಸಾರ್ ಒಳ್ಳೆಯವರು, ಕೂರಿಸಿ ಕಾಫಿ ತರಿಸಿದರು. ಆದಾಯದ ದಾಖಲೆ ಏನುಂಟು ಎಂದು ಕೇಳಿದರು. ಐದು ವರ್ಷದಿಂದ ದಿನಾ ಬೆಳಿಗ್ಗೆ ಆರಕ್ಕೆ ಎದ್ದು ಸಿಮೆಂಟು, ಕಬ್ಬಿಣ, ಅಡಿಕೆ, ಮದುವೆಯ ಕುರ್ಚಿ, ಒಮ್ಮೊಮ್ಮೆ ರಾತ್ರಿ ಹೊತ್ತು ಸುಸ್ತಾದ ದನ, ಎಲ್ಲ ಹೊತ್ತ ಮನುಷ್ಯ. ದಾಖಲೆ ಒಂದೂ ಇಲ್ಲ. ಬಾಡಿಗೆ ಬಂದದ್ದು ಅರ್ಧ ಕೈಗೆ, ಅರ್ಧ ಯುಪಿಐಗೆ. ಐಟಿಆರ್ ಕಟ್ಟಿಲ್ಲ. "ತೆರಿಗೆ ಬೀಳುವಷ್ಟು ದುಡಿಮೆ ಇಲ್ಲ ಸಾರ್, ಹಾಗೆ ಕಟ್ಟಲಿಲ್ಲ" ಅಂದರು. ಈ ಮಾತನ್ನು ನನ್ನ ಕೌಂಟರಿನಲ್ಲಿ ವಾರಕ್ಕೆ ನಾಲ್ಕು ಜನ ಹೇಳುತ್ತಾರೆ. "ಮೂರು ವರ್ಷದ ಐಟಿಆರ್ ತನ್ನಿ" ಎಂದು ಹೇಳಿ ಮುಂದಿನವರನ್ನು ಕರೆಯುವುದು ನನಗೆ ಅಭ್ಯಾಸ. ಆ ದಿನ ಮೇಜಿನ ಈಚೆ ಕೂತು ಕೇಳುವಾಗ ಮಾತ್ರ ಅದು ಬೇರೆ ಥರ ಕೇಳಿಸಿತು. ಇವರು ಕಾಫಿ ಲೋಟ ಕೆಳಗಿಟ್ಟು, ಲೋಟದ ತಳದ ಒದ್ದೆಯನ್ನು ಬೈರಾಸಿನಿಂದ ಒರೆಸಿದರು.

ಒಂದು ವಿಷಯ ಹೇಳಬೇಕು, ನಿಮ್ಮ ಮನೆಯಲ್ಲೂ ಗಾಡಿ ಇಟ್ಟವರು ಇರಬಹುದು. ಸರಕು ಸಾಗಿಸುವ ಸಣ್ಣ ಗಾಡಿ ಇದ್ದವರು ಲೆಕ್ಕಪುಸ್ತಕ ಇಡದೆಯೂ ರಿಟರ್ನ್ ಸಲ್ಲಿಸಬಹುದು. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಒಂದು ಗಾಡಿಗೆ ತಿಂಗಳಿಗೆ ಕನಿಷ್ಠ 7,500 ರೂಪಾಯಿ ಆದಾಯ ಎಂದು ತೋರಿಸಿದರೆ ಸಾಕು, ಹೆಚ್ಚು ಇದ್ದರೆ ಹೆಚ್ಚು ತೋರಿಸಬಹುದು. ತೆರಿಗೆ ಬರಲಿಕ್ಕಿಲ್ಲ, ಕಾಗದ ಒಂದು ಕೈಗೆ ಬರುತ್ತದೆ. ಅದೇ ವಾರ ಇವರದ್ದನ್ನು ತಯಾರು ಮಾಡಲು ಕೊಟ್ಟೆ. ಕಾರಿಗೆ ಅದು ಸಾಲದು. ಕಾಗದ ಹಳೆಯದಾಗಬೇಕು. ಮುಂದಿನ ಪಿಕಪ್‌ಗಾದರೂ ಆದೀತು.

ಹಾಗಾಗಿ ಕಾರು ನನ್ನ ಹೆಸರಿಗೆ, ಸಾಲ ನನ್ನ ಹೆಸರಿಗೆ. "ಒಳ್ಳೇದಾಯ್ತು. ನಿನ್ನ ಹೆಸರಲ್ಲೇ ಇರಲಿ" ಎಂದು ಇವರು ನಿರಾಳವಾಗಿ ಹೇಳಿದರು. ಅದು ನಿಜವಾಗಿ ನಿರಾಳವೋ ಅಲ್ಲವೋ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಕೇಳುವ ಧೈರ್ಯವೂ ಬಂದಿಲ್ಲ.

ನಿಜವಾಗಿ ನಿರಾಳವಾದದ್ದು ನನ್ನ ಅಮ್ಮನಿಗೆ. ಮೂವತ್ತು ವರ್ಷ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟಿ ನಮ್ಮಿಬ್ಬರನ್ನು ಓದಿಸಿದವರು. ದಿನಕ್ಕೆ ಎಷ್ಟು ನೂರು ಬೀಡಿ ಎಂದರೆ ಎಷ್ಟು ಪುಸ್ತಕ ಎಂಬ ಲೆಕ್ಕದಲ್ಲಿ ಬದುಕಿದವರಿಗೆ ಹನ್ನೊಂದು ಲಕ್ಷದ ಕಾರು ಎಂದರೆ ಹುಚ್ಚು. "ಮಗಾ, ಹೆಂಡತಿಗೆ ಗಂಡ ಕಾರು ತೆಗೆದುಕೊಟ್ಟದ್ದು ಕೇಳಿದ್ದೇನೆ. ಇದೆಂತ ಉಲ್ಟಾ? ನಾಳೆ ಊರಿನವರು ಹೆಂಡತಿ ದುಡ್ಡಿನ ಕಾರು ಅಂತ ಅವನಿಗೇ ಹೇಳ್ತಾರೆ, ನಿನಗಲ್ಲ" ಅಂದರು.

ಅಮ್ಮ ಹೇಳಿದ್ದು ಸುಳ್ಳಲ್ಲ. ಆದರೂ ನನಗೆ ಸೋಜಿಗ. ಅಳಿಯಸಂತಾನ ಕಟ್ಟು ನಡೆಯುತ್ತಿದ್ದ ಸೀಮೆ ನಮ್ಮದು. ಹಲವು ಸಮುದಾಯಗಳಲ್ಲಿ ಆಸ್ತಿ ಹೆಣ್ಣಿನ ಸಂತಾನದ ಮೂಲಕವೇ ಇಳಿದು ಬರುತ್ತಿತ್ತು. ಮದರಾಸು ಸರ್ಕಾರ 1949ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಿತ್ತು. ಗದ್ದೆ, ಮನೆ ಎಲ್ಲ ಹೆಣ್ಣಿನ ಕಡೆಯಿಂದ ಬಂದರೆ ಗೌರವ, ಕಾರು ಬಂದರೆ ಮಾತ್ರ ನಗೆಯಾಡುವುದೇ? ಇದನ್ನು ಅಮ್ಮನಿಗೆ ಹೇಳಿದೆ. "ಗದ್ದೆಗೆ ಕಂತು ಇರಲಿಲ್ಲ" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ಇನ್ನು ಮನೆಯ ದಾರಿ. ಡಾಂಬರು ರಸ್ತೆಯಿಂದ ನಮ್ಮ ಅಂಗಳಕ್ಕೆ ಮುನ್ನೂರು ಮೀಟರ್ ಏರು, ಮುರಕಲ್ಲಿನ ದಾರಿ, ನಡುವೆ ಮಳೆನೀರು ಕೊರೆದ ಚರಂಡಿ. ಐ20ಯ ತಳ ನೆಲದಿಂದ 170 ಮಿಲಿಮೀಟರ್. ಬುಕ್ ಮಾಡುವ ಮೊದಲು ಇವರು ಅಡಿಕೆ ಸಲಾಕೆಯೊಂದನ್ನು ಸರಿಯಾಗಿ ಹದಿನೇಳು ಸೆಂಟಿಮೀಟರಿಗೆ ಕತ್ತರಿಸಿ, ಅದಕ್ಕೆ ಅಡ್ಡಕ್ಕೊಂದು ಪಟ್ಟಿ ಕಟ್ಟಿ, ಬೆಳಗಿನಿಂದ ಮಧ್ಯಾಹ್ನದವರೆಗೆ ದಾರಿಯುದ್ದಕ್ಕೂ ನೆಲದ ಮೇಲೆ ಎಳೆದುಕೊಂಡು ನಡೆದರು. ಪಟ್ಟಿ ತಾಗಿದಲ್ಲೆಲ್ಲ ಸುಣ್ಣದ ಗುರುತು. ಏಳು ಕಡೆ ತಾಗಿತು. ಐದು ಕಲ್ಲನ್ನು ಉಳಿಯಿಂದ ಕೆತ್ತಿದರು, ಎರಡು ಕಡೆ ಚರಂಡಿಗೆ ಮಣ್ಣು ತುಂಬಿದರು. ಬೇಡ ಬೇಡ ಅನ್ನುತ್ತಿದ್ದ ಮನುಷ್ಯನಿಗೆ ಆಸೆ ಎಷ್ಟಿದೆ ಎಂದು ನನಗೆ ಗೊತ್ತಾದದ್ದು ಆ ಸುಣ್ಣದ ಗುರುತುಗಳನ್ನು ನೋಡಿದಾಗ.

ಟೆಸ್ಟ್ ಡ್ರೈವ್ ಮಾಡಿದ್ದು ಅದಾದ ಮರುವಾರ. ಬಾಗಿಲಿನ ಕತೆ ಮೊದಲೇ ಹೇಳಿದೆ. ಹೆದ್ದಾರಿಗೆ ಬಂದ ಮೇಲೆ ಇವರು ನಲವತ್ತರಲ್ಲಿ ಹೋದರು. ಹಿಂದೆ ಕೂತ ಹುಡುಗನಿಗೆ ಚಡಪಡಿಕೆ. "ಸರ್, ಸ್ವಲ್ಪ ಒತ್ತಿ. ಟರ್ಬೊ ಉಂಟು." ಇವರು ಒತ್ತಲಿಲ್ಲ. 2020ರಲ್ಲಿ ಐಕಳ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನಿಮಗೆ ನೆನಪಿರಬಹುದು. ಲೆಕ್ಕ ಹಾಕಿದರೆ ಗಂಟೆಗೆ ಹತ್ತಿರ 38 ಕಿಲೋಮೀಟರ್. 120 ಪಿಎಸ್‌ನ ಕಾರಿನಲ್ಲಿ ನಮ್ಮವರು ಓಡಿಸಿದ್ದು ಕೋಣಗಳ ಜತೆ ಓಡಿದ ಗೌಡರಿಗಿಂತ ಎರಡು ಕಿಲೋಮೀಟರ್ ಜಾಸ್ತಿ! ವಾಪಸು ಬಂದು ಇಳಿದ ಮೇಲೆ ಬಾಗಿಲಿನ ಹಿಡಿಯನ್ನು ಬೈರಾಸಿನಿಂದ ಒರೆಸಿ, ಕೀಯನ್ನು ಎರಡೂ ಕೈಯಲ್ಲಿ ಹುಡುಗನಿಗೆ ಕೊಟ್ಟರು. "ಯಾಕೆ ಜೋರು ಹೋಗಲಿಲ್ಲ?" ಎಂದು ದಾರಿಯಲ್ಲಿ ಕೇಳಿದೆ. "ಅವರ ಕಾರಲ್ವ" ಅಂದರು.

ದೀಪಾವಳಿಗೆ ಮೊದಲು ಕಾರು ಬಂತು. ಬಿಳಿ ಬಣ್ಣ, ಅಂಚಿಗೆ ಕೆಂಪು ಗೆರೆ, ಚಕ್ರದೊಳಗೆ ಕೆಂಪು ಬ್ರೇಕು. ಷೋರೂಮಿನವರು ಬಟ್ಟೆ ಹೊದಿಸಿ, ಹಾಡು ಹಾಕಿ, ರಟ್ಟಿನ ದೊಡ್ಡ ಕೀಯೊಂದನ್ನು ಇವರ ಕೈಗೆ ಕೊಡಲು ಬಂದರು. ಇವರು ನನ್ನತ್ತ ತೋರಿಸಿದರು. ನಾನು ಅವರತ್ತ ತೋರಿಸಿದೆ. ಫೋಟೋ ತೆಗೆಯುವವ ಬೇಸತ್ತು, "ಇಬ್ಬರೂ ಹಿಡ್ಕೊಳ್ಳಿ" ಅಂದ. ಆ ಫೋಟೋದಲ್ಲಿ ನಾವಿಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದೇವೆ.

ಬಿ.ಸಿ.ರೋಡ್ ದಾಟಿ ವಗ್ಗದ ಹತ್ತಿರ ತಿರುಗಿ ಕಾರಿಂಜಕ್ಕೆ ಹೋಗಿ ಪೂಜೆ ಮಾಡಿಸಿದೆವು. ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಮನೆಯ ಏರಿನಲ್ಲಿ ನಾನು ಕಿವಿ ನೆಟ್ಟಗೆ ಮಾಡಿ ಕೂತಿದ್ದೆ. ಎಲ್ಲಿಯೂ ತಾಗಲಿಲ್ಲ. ಅಂಗಳದಲ್ಲಿ ಅತ್ತೆ ಆರತಿ ಹಿಡಿದು ನಿಂತಿದ್ದರು. ಇವರ ದುಡ್ಡೋ ನನ್ನ ದುಡ್ಡೋ ಎಂಬ ಮಾತು ಬಂದೀತು ಎಂದು ಒಂದು ತಿಂಗಳಿನಿಂದ ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆ. ಅತ್ತೆ ಕಾರಿಗೆ ಒಂದು ಸುತ್ತು ಬಂದು, ಹಿಂದಿನ ಬಾಗಿಲು ತೆಗೆದು ಬಗ್ಗಿ ನೋಡಿ, "ಇದು ಇಷ್ಟು ತಗ್ಗು ಉಂಟಲ್ಲ, ನನ್ನ ಗಂಟಿಗೆ ಆಗ್ತದಾ?" ಎಂದು ಕೇಳಿದರು. ಅಷ್ಟೇ. ಆಗಲಿಲ್ಲ. ಅತ್ತೆಯನ್ನು ಹತ್ತಿಸಲು ಒಬ್ಬರು, ಇಳಿಸಲು ಇಬ್ಬರು ಬೇಕು. ಧರ್ಮಸ್ಥಳಕ್ಕೆ ಹೋಗುವಾಗ ಅವರು ಈಗಲೂ ಪಿಕಪ್‌ನ ಮುಂದಿನ ಸೀಟೇ ಬೇಕು ಅನ್ನುತ್ತಾರೆ.

ಊರಿನವರು ಅಮ್ಮ ಹೇಳಿದ ಮಾತನ್ನು ಹೇಳಿದರು. ಗುರುವಾಯನಕೆರೆಯ ಹೋಟೆಲಿನಲ್ಲಿ ಒಬ್ಬರು, "ಎಂತ ಮಾರಾಯ, ಬ್ಯಾಂಕೇ ಮನೆಗೆ ಬಂದಿದೆ ನಿನಗೆ" ಅಂದರಂತೆ. "ಹೌದು, ಕಂತು ಮಾತ್ರ ಬಿಡುವುದಿಲ್ಲ ಅದು" ಎಂದು ಇವರು ನಕ್ಕುಬಿಟ್ಟರಂತೆ. ನನಗೆ ಹೇಳಿದವರು ಬೇರೆಯವರು. ಮನೆಯಲ್ಲಿ ಅದರ ಸುದ್ದಿಯೇ ಇಲ್ಲ. ಆದರೆ ಆ ತಿಂಗಳಿನಿಂದ ಪ್ರತಿ ನಾಲ್ಕನೇ ತಾರೀಕಿಗೆ ನನ್ನ ಊಟದ ಚೀಲದಲ್ಲಿ ಐದು ಸಾವಿರ ರೂಪಾಯಿ ಇರುತ್ತದೆ, ಐನೂರರ ಹತ್ತು ನೋಟು, ರಬ್ಬರ್ ಹಾಕಿ. ಐದನೇ ತಾರೀಕು ಕಂತು. ಒಮ್ಮೆ ಬೇಡ ಎಂದು ವಾಪಸು ಕೊಟ್ಟೆ. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಈಗ ತೆಗೆದುಕೊಳ್ಳುತ್ತೇನೆ, ಮತ್ತು ಅದನ್ನು ಅವರ ಖಾತೆಗೇ ಹಾಕಿ ಅಲ್ಲಿಂದ ನನಗೆ ಕಳಿಸಲು ಹೇಳುತ್ತೇನೆ. ಖಾತೆಯಲ್ಲಿ ವಹಿವಾಟು ಕಾಣಬೇಕಲ್ಲ.

ಕೆಲಸದ ದಿನಗಳಲ್ಲಿ ಕಾರು ಟರ್ಪಾಲಿನಡಿ. ಪುಂಜಾಲಕಟ್ಟೆಯಿಂದ ಆಚೆಗೆ ಹೆದ್ದಾರಿ ಅಗಲ ಮಾಡುವ ಕೆಲಸದ ಕೆಸರು, ಧೂಳು ಎಲ್ಲ ಪಿಕಪ್‌ನ ಪಾಲು. ಭಾನುವಾರ ಬೆಳಿಗ್ಗೆ ಮಾತ್ರ ಟರ್ಪಾಲು ತೆಗೆಯುತ್ತಾರೆ. ಹಾಗೊಂದು ಭಾನುವಾರ ಬಂಟ್ವಾಳದಿಂದ ವಾಪಸು ಬರುವಾಗ, ಬೆಳಿಗ್ಗೆ ಆರೂವರೆ ಇರಬಹುದು, ಮುಂದೆ ಒಂದು ಮರಳಿನ ಲಾರಿ. ಎದುರು ರಸ್ತೆ ಪೂರ್ತಿ ಖಾಲಿ. ಇವರು ಗೇರು ಮೂರಕ್ಕೆ ಇಳಿಸಿ ಒತ್ತಿದರು. ಏನೋ ಒಂದು ಬೆನ್ನಿನ ಹಿಂದಿನಿಂದ ದೂಡಿದ ಹಾಗಾಯಿತು. ಲಾರಿ ಹಿಂದೆ ಹೋಯಿತು. ಮುಳ್ಳು ಎಂಬತ್ತು ಮುಟ್ಟಿದ ಕೂಡಲೇ ಕಾಲು ತೆಗೆದರು. ಮೂರು ನಾಲ್ಕು ಸೆಕೆಂಡು ಅಷ್ಟೇ. ನಾನು ರಸ್ತೆ ನೋಡಲಿಲ್ಲ, ಅವರ ಮುಖ ನೋಡಿದೆ. ಪಿಯುಸಿ ಹುಡುಗನ ಮುಖ. "ನೋಡಿದಿಯಾ?" ಅಂದರು. ನೋಡಿದೆ ಅಂದೆ. ಮತ್ತೆ ಮಡಂತ್ಯಾರಿನವರೆಗೆ ಐವತ್ತು.

ನನಗೂ ಈಗ ಎಲ್‌ಎಲ್ ಆಗಿದೆ. ಅದು ಆರು ತಿಂಗಳಿಗೆ ಇರುತ್ತದೆ, ಮೂವತ್ತು ದಿನ ಕಳೆದ ಮೇಲೆ ಟೆಸ್ಟ್ ಕೊಡಬಹುದು. ಕಲಿಸುವುದು ಇವರೇ, ಆದರೆ ಪಿಕಪ್‌ನಲ್ಲಿ. "ಇದರಲ್ಲಿ ಕ್ಲಚ್ ಕಲಿತರೆ ಎಲ್ಲದರಲ್ಲೂ ಬರ್ತದೆ" ಎಂಬುದು ಅವರು ಕೊಡುವ ಕಾರಣ. ನನಗೆ ನಂಬಿಕೆ ಇಲ್ಲ. ಬಿಳಿ ಕಾರಿಗೆ ಗೀರು ಬೀಳಬಾರದು, ಅಷ್ಟೇ ವಿಷಯ.

ಕಳೆದ ತಿಂಗಳು ತವರಿಗೆ ಹೋಗುವಾಗ ಬಿ.ಸಿ.ರೋಡಿನ ಕೈಕಂಬದ ಹತ್ತಿರ ಪೊಲೀಸರು ದಾಖಲೆ ನೋಡುತ್ತಿದ್ದರು. ನಮ್ಮನ್ನೂ ಬದಿಗೆ ಹಾಕಿಸಿದರು. ಇವರು ಗಾಜು ಇಳಿಸಿ, ಲೈಸೆನ್ಸು, ಆರ್‌ಸಿ, ಇನ್ಶೂರೆನ್ಸ್ ಎಲ್ಲವನ್ನೂ ಒಟ್ಟಿಗೆ ಕೊಟ್ಟರು.

"ಗಾಡಿ ಯಾರದ್ದು?"

"ಯಜಮಾನರದ್ದು ಸಾರ್." ಏಳು ವರ್ಷದ ಅಭ್ಯಾಸ, ಬಾಯಿಗೆ ಅದೇ ಬಂತು.

ಪೊಲೀಸರು ಆರ್‌ಸಿ ತಿರುಗಿಸಿ ನೋಡಿದರು. ಹೆಂಗಸಿನ ಹೆಸರು. "ಯಜಮಾನರು ಎಲ್ಲಿದ್ದಾರೆ?"

ಇವರು ಒಂದು ಕ್ಷಣ ತಡೆದು, ಎಡಗಡೆ ಕೂತ ನನ್ನನ್ನು ತೋರಿಸಿದರು. ನನ್ನ ಮಡಿಲಲ್ಲಿ ಅಮ್ಮನಿಗೆಂದು ಕಟ್ಟಿಸಿಕೊಂಡಿದ್ದ ಬಸಳೆಯ ಕಟ್ಟು. ಪೊಲೀಸರು ನನ್ನನ್ನು ನೋಡಿದರು, ಇವರನ್ನು ನೋಡಿದರು, ನಗು ತಡೆಯಲಾಗದೆ ಕಾಗದ ವಾಪಸು ಕೊಟ್ಟು, "ಹೋಗಿ ಯಜಮಾನ್ರೇ" ಎಂದು ನನಗೆ ಸೆಲ್ಯೂಟ್ ಹೊಡೆದರು.

ಅಮ್ಮನ ಮನೆ ಮುಟ್ಟುವವರೆಗೂ ನಾನು ನಗುತ್ತಲೇ ಇದ್ದೆ. ಇವರೂ ನಗುತ್ತಿದ್ದರು. ಅಂಗಳದಲ್ಲಿ ಕಾರು ನಿಲ್ಲಿಸಿ, ಇಳಿದು, ಸುತ್ತು ಬಳಸಿ ಬಂದು ನನ್ನ ಬಾಗಿಲು ತೆರೆದರು. ಈ ಸಲ ಮುಂದಿನದ್ದು.